ಪಿಕಪ್‌ಗೆ ದೊಡ್ಡ ಆಫ್‌ರೋಡ್ ಟೈರ್: ಪರೀಕ್ಷೆ ಹಳೆ ಟೈರಿನಿಂದ ಶುರು ಮಾಡಿ

ದೊಡ್ಡ ಟೈರ್ ಹಾಕಿಸಿಕೊಂಡು ಬಂದ ದಿನ ಯಾರ ಬಾಯಲ್ಲೂ ನಿಜ ಬರುವುದಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಮೈಸೂರಿನ ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದವನೇ, "ಗಾಡಿ ಈಗ ಆನೆ ಹೋದ ಹಾಗೆ ಹೋಗುತ್ತೆ" ಎಂದೆ. ಪಾಂಡವಪುರದಿಂದ ಬಂದಿದ್ದ ಬಾಮೈದ ಕಾಫಿ ಲೋಟ ಕೆಳಗಿಟ್ಟು ಕೇಳಿದ: "ಮೊದ್ಲು ಹೆಂಗೆ ಹೋಗ್ತಿತ್ತು ಭಾವ?"

ಉತ್ತರ ಇರಲಿಲ್ಲ. ಹಳೆ ಟೈರಲ್ಲಿ ನಾನು ಏನನ್ನೂ ಅಳೆದಿರಲಿಲ್ಲ. ಹೊಸದಕ್ಕೆ ಕೊಟ್ಟ ದುಡ್ಡು ಮಾತ್ರ ಗೊತ್ತಿತ್ತು, ಮಾತಾಡುತ್ತಿದ್ದದ್ದೂ ಆ ದುಡ್ಡೇ. ಕೊನೆಗೆ ಹಳೆ ಟೈರುಗಳನ್ನು ವಾಪಸ್ ಹಾಕಿಸಿ ಮೊದಲಿನಿಂದ ಶುರು ಮಾಡಿದೆ. ಬಿಚ್ಚಿ ಹಾಕುವ ಕೂಲಿ ಎರಡೆರಡು ಸಲ ಹೋಯಿತು. ನಿಮಗೆ ಆ ಖರ್ಚು ಬೇಡ. ಹಳೆ ಟೈರ್ ಗಾಡಿಯಲ್ಲಿ ಇರುವಾಗಲೇ ಕೆಳಗಿನ ಅಳತೆ ಎಲ್ಲ ಒಮ್ಮೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಹೊಸದು ಹಾಕಿದ ಮೇಲೆ ಅದೇ ಜಾಗ, ಅದೇ ಭಾರ, ಅದೇ ಡ್ರೈವರ್, ಮತ್ತೊಮ್ಮೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಆತುರ ಬೇಡ.

ಬೇಕಾದದ್ದು ಹೆಚ್ಚೇನಿಲ್ಲ. 30 ಮೀಟರ್ ಟೇಪು, ಸೀಮೆಸುಣ್ಣ, ಎಲೆಅಡಿಕೆಗೆ ಹಚ್ಚುವ ಸುಣ್ಣ, ಜಾಕ್, ಜಿಪಿಎಸ್ ಇರುವ ಫೋನು, ಗಾಳಿ ತುಂಬುವ 12 ವೋಲ್ಟ್ ಪಂಪು. ಮತ್ತೆ ಒಂದು ಒಳ್ಳೆಯ ಗಾಳಿ ಮೀಟರ್. ಅದರಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಸ್ವಲ್ಪ ತಪ್ಪು ತೋರಿಸಿದರೂ ಪರವಾಗಿಲ್ಲ, ಯಾವಾಗಲೂ ಅದೇ ಮೀಟರ್ ಬಳಸಿ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ನನ್ನ ಪಿಕಪ್‌ಗೆ ಕಂಪನಿ ಕೊಟ್ಟದ್ದು 245/70 ಆರ್16. ಹಾಕಿಸಿದ್ದು 265/75 ಆರ್16. ಇದನ್ನು ಓದುವುದು ಸುಲಭ. 245 ಎಂದರೆ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಅದರ ಎತ್ತರ ಆ ಅಗಲದ 70 ಪರ್ಸೆಂಟ್. 16 ರಿಮ್ಮಿನ ಇಂಚು, ಅಂದರೆ 406.4 ಮಿ.ಮೀ. ಸೈಡ್‌ವಾಲನ್ನು ಮೇಲೆ ಕೆಳಗೆ ಎರಡು ಸಲ ಕೂಡಿದರೆ ಹಳೆಯದರ ಎತ್ತರ 749 ಮಿ.ಮೀ., ಹೊಸದು 804 ಮಿ.ಮೀ. ವ್ಯತ್ಯಾಸ 55 ಮಿ.ಮೀ., ಅಂದರೆ ಸುಮಾರು 7.3 ಪರ್ಸೆಂಟ್.

ಈ 55ರಲ್ಲಿ ಗಾಡಿ ಮೇಲೇಳುವುದು ಅರ್ಧ ಮಾತ್ರ, ಸುಮಾರು 27 ಮಿ.ಮೀ. ಉಳಿದರ್ಧ ಆಕ್ಸಲ್ಲಿನ ಮೇಲಕ್ಕೆ ಹೋಗುತ್ತದೆ, ಅಂದರೆ ಮಡ್‌ಗಾರ್ಡ್ ಕಡೆಗೆ. ಉಜ್ಜುವ ತಕರಾರೆಲ್ಲ ಹುಟ್ಟುವುದು ಅಲ್ಲಿಂದಲೇ.

ಟೈರಿನ ಪಕ್ಕ ಇನ್ನೂ ಮೂರು ವಿಷಯ ಬರೆದಿರುತ್ತದೆ. ಒಂದು, ಭಾರದ ನಂಬರ್. 111 ಎಂದರೆ ಒಂದು ಟೈರ್ 1,090 ಕಿಲೋ ಹೊರುತ್ತದೆ. 123 ಎಂದರೆ 1,550 ಕಿಲೋ. ಅದರ ಮುಂದಿನ ಅಕ್ಷರ ವೇಗದ್ದು. ಕ್ಯೂ ಎಂದರೆ ಗಂಟೆಗೆ 160 ಕಿ.ಮೀ. ಎರಡು, ಹುಟ್ಟಿದ ವಾರ. ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. "ಹೊಸ ಸ್ಟಾಕ್ ಸಾರ್" ಎಂದರೂ ಬಗ್ಗಿ ಓದಿ. ಮೂರು, ಐಎಸ್‌ಐ ಗುರುತು. ಇವುಗಳ ಜೊತೆಗೆ ರಿಮ್ ಅಗಲವನ್ನೂ ನೋಡಿ. 265/75 ಆರ್16ಗೆ 7ರಿಂದ 8 ಇಂಚಿನ ರಿಮ್ ಬೇಕು.

ಕಾನೂನಿನ ಮಾತನ್ನು ಇಲ್ಲೇ ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮಾಡಿದ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ನಿಮ್ಮ ಮಾಡೆಲ್ಲಿಗೆ ಕಂಪನಿಯೇ ಯಾವ ಯಾವ ಸೈಜ್ ಒಪ್ಪಿದೆ ಎಂದು ನೋಡಿಕೊಳ್ಳಿ. ಅದರಾಚೆ ಹೋಗುವುದಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ, ಆಮೇಲೆ ಇನ್ಶೂರೆನ್ಸ್‌ನವರ ಹತ್ತಿರ ಬರಹದಲ್ಲಿ ಕೇಳಿ. ಅಂಗಡಿಯವರ "ಏನೂ ಆಗಲ್ಲ ಬಿಡಿ" ಎನ್ನುವ ಮಾತು ಕ್ಲೇಮ್ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ಮನೆ ಅಂಗಳದಲ್ಲೇ ಆಗುವ ಪರೀಕ್ಷೆ

ಮೊದಲು ಸುತ್ತಳತೆ. ಸೈಡ್‌ವಾಲಿನ ಕೆಳತುದಿಯಲ್ಲಿ, ನೆಲ ತಾಗುವ ಜಾಗಕ್ಕೆ ಸೀಮೆಸುಣ್ಣದ ಗೆರೆ. ನೆಲದ ಮೇಲೂ ಒಂದು ಗೆರೆ. ಗಾಡಿಯನ್ನು ನೆಟ್ಟಗೆ ಮುಂದಕ್ಕೆ ಬಿಟ್ಟು, ಚಕ್ರ ಹತ್ತು ಸುತ್ತು ತಿರುಗಿದ ಮೇಲೆ ಮತ್ತೊಂದು ಗೆರೆ. ಟೇಪು ಹಿಡಿದು ಅಳೆಯಿರಿ. ಲೆಕ್ಕದ ಪ್ರಕಾರ 804 ಮಿ.ಮೀ. ಟೈರ್ ಹತ್ತು ಸುತ್ತಿಗೆ 25 ಮೀಟರ್ ದಾಟಬೇಕು. ಆದರೆ ಗಾಡಿಯ ಭಾರಕ್ಕೆ ಟೈರ್ ಸ್ವಲ್ಪ ಚಪ್ಪಟೆ ಆಗುತ್ತದೆ, ದೂರ ಕಡಿಮೆ ಬರುತ್ತದೆ. ನಿಮ್ಮ ನಿಜವಾದ ಅಳತೆ ಅದೇ. ಈ ನಂಬರನ್ನು ಜೋಪಾನ ಮಾಡಿ, ಮುಂದೆ ಕೆಸರಿನಲ್ಲಿ ಬೇಕು.

ಆಮೇಲೆ ಉಜ್ಜುವ ಪರೀಕ್ಷೆ. ಮುಂದಿನ ಟೈರುಗಳ ಅಂಚಿನ ಬಟನ್ನುಗಳಿಗೆ, ಅಂದರೆ ಉಬ್ಬಿದ ರಬ್ಬರ್ ತುಂಡುಗಳಿಗೆ, ಸುಣ್ಣವನ್ನು ತೆಳ್ಳಗೆ ಹಚ್ಚಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನ ಮುಂದೆ ಹೋಗಿ, ಹಿಂದೆ ಬನ್ನಿ. ಬಲಕ್ಕೂ ಹಾಗೇ. ರಿವರ್ಸ್‌ನಲ್ಲಿ ಮಾಡುವುದನ್ನು ಮರೆಯಬೇಡಿ. ಮುಂದೆ ಹೋಗುವಾಗ ತಾಗದ ಟೈರ್ ಹಿಂದೆ ಬರುವಾಗ ತಾಗುವುದುಂಟು. ಇನ್ನು ಒಂದು ಮುಂದಿನ ಚಕ್ರವನ್ನೂ ಅದರ ಎದುರು ಮೂಲೆಯ ಹಿಂದಿನ ಚಕ್ರವನ್ನೂ ಒಂದಡಿ ಎತ್ತರದ ಗಟ್ಟಿ ದಿಣ್ಣೆ ಹತ್ತಿಸಿ ಮತ್ತೆ ತಿರುಗಿಸಿ. ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ ಮಾತ್ರ ಕಾಣುವ ಉಜ್ಜಾಟ ಇದು. ಒಳಗಿನ ಪ್ಲಾಸ್ಟಿಕ್ಕಿನಲ್ಲಿ, ಚಾಸಿಯಲ್ಲಿ, ಬ್ರೇಕ್ ಪೈಪಿನಲ್ಲಿ ಎಲ್ಲಿ ಬಿಳಿ ಕಂಡರೂ ಫೋಟೊ ತೆಗೆದುಕೊಳ್ಳಿ. ಬ್ರೇಕ್ ಪೈಪಿನ ಮೇಲೆ ಬಿಳಿ ಕಂಡರೆ ಅಲ್ಲಿಗೆ ನಿಲ್ಲಿಸಿ, ಆ ಸೈಜ್ ನಿಮ್ಮ ಗಾಡಿಯದಲ್ಲ. ಎಲ್ಲೂ ತಾಗದಿದ್ದರೂ ಎರಡು ಬೆರಳು ಜಾಗ ಇರಬೇಕು. ಕೆಸರು ಮೆತ್ತಿಕೊಂಡ ಟೈರ್ ಒಣ ಟೈರಿಗಿಂತ ದಪ್ಪ, ಅಲ್ವಾ?

ಸ್ಟೆಪ್ನಿಯನ್ನೂ ಹೊಸ ಸೈಜಿನದೇ ತಗೊಳ್ಳಿ. ನಾಲ್ಕು ದೊಡ್ಡದು, ಒಂದು ಸಣ್ಣದು ಇಟ್ಟುಕೊಂಡು ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ಸುತ್ತು ತಿರುಗುತ್ತವೆ. ಹೊಡೆತ ಬೀಳುವುದು ಇಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿಗೆ. ದೊಡ್ಡ ಸ್ಟೆಪ್ನಿ ಗಾಡಿ ಕೆಳಗಿನ ಜಾಗದಲ್ಲಿ ಕೂರುತ್ತದಾ ಎಂದು ಅಂಗಡಿಯಲ್ಲೇ ಹಾಕಿಸಿ ನೋಡಿ. ನನ್ನದು ಕೂರಲಿಲ್ಲ. ಈಗ ಹಿಂದೆ ಲಗೇಜಿನ ಜಾಗ ತಿನ್ನುತ್ತಾ ಮಲಗಿದೆ.

ಗಾಳಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ. ನಮ್ಮ ಬೀದಿಯಲ್ಲಿ ಟೈರ್ ಕಾರ್ಖಾನೆಯಿಂದ ರಿಟೈರ್ ಆದ ಹಿರಿಯರೊಬ್ಬರಿದ್ದಾರೆ. ಮೈಸೂರಿಗೆ ಟೈರ್ ಹೊಸದೇನಲ್ಲವಲ್ಲ. ಇಲ್ಲಿ ವಿಕ್ರಾಂತ್ ಟೈರ್ಸ್ ಇತ್ತು, 1997ರಲ್ಲಿ ಅದು ಜೆಕೆ ಟೈರ್ ಕಂಪನಿಯ ಕೈಗೆ ಬಂತು. ಆ ಹಿರಿಯರು ನನ್ನ ಹೊಸ ಟೈರಿಗೆ ಒಂದು ಸಲ ಗುದ್ದಿ ನೋಡಿ, "ಎಷ್ಟು ಗಾಳಿ ಹಾಕಿದೀರಿ?" ಎಂದರು. ಬ್ರ್ಯಾಂಡ್ ಕೇಳಲಿಲ್ಲ, ರೇಟ್ ಕೇಳಲಿಲ್ಲ.

ಗಾಳಿಯ ಒತ್ತಡವನ್ನು ಪುಸ್ತಕಗಳಲ್ಲಿ ಪಿಎಸ್‌ಐ ಎನ್ನುತ್ತಾರೆ. ಪೊಲೀಸ್ ಪಿಎಸ್‌ಐ ಅಲ್ಲ. ಪಂಕ್ಚರ್ ಅಂಗಡಿಯಲ್ಲಿ ಪಾಯಿಂಟ್ ಎಂದರೆ ಸಾಕು. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿರುವ ಪಾಯಿಂಟ್ ಹಳೆ ಟೈರಿನದು. ಹತ್ತು ಪ್ಲೈ, ಅಂದರೆ ಹತ್ತು ಪದರದಷ್ಟು ಗಟ್ಟಿಯಾದ ಟೈರಿಗೆ ಅದೇ ಭಾರ ಹೊರಲು ಸಾಮಾನ್ಯವಾಗಿ ಇನ್ನೂ ಸ್ವಲ್ಪ ಜಾಸ್ತಿ ಗಾಳಿ ಬೇಕು. ಆದರೆ ಪಕ್ಕದಲ್ಲಿ ಬರೆದಿರುವ 80 ಪಾಯಿಂಟ್ ನೋಡಿ ಅಷ್ಟನ್ನೂ ತುಂಬಿಸಬೇಡಿ. ಅದು ಆ ಟೈರಿನ ಮೇಲಿನ ಮಿತಿ, 1,550 ಕಿಲೋ ಹೊರುವಾಗಿನದು.

ನಿಮ್ಮ ಟೈರ್ ಹೊರುವುದು ಎಷ್ಟು? ಅದನ್ನು ತಿಳಿಯಲು ಮಂಡ್ಯದಷ್ಟು ಒಳ್ಳೆಯ ಜಾಗ ಇಲ್ಲ. ಕಬ್ಬಿನ ಸೀಮೆ, ಗಾಡಿ ತೂಕ ಹಾಕುವ ವೇ ಬ್ರಿಡ್ಜ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಮೊದಲು ಮುಂದಿನ ಎರಡು ಚಕ್ರ ಮಾತ್ರ ಹಲಗೆ ಮೇಲೆ ನಿಲ್ಲಿಸಿ ತೂಕ ಹಾಕಿಸಿ. ಆಮೇಲೆ ಇಡೀ ಗಾಡಿ. ಕಳೆದರೆ ಹಿಂದಿನದು ಸಿಗುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಎಷ್ಟು ಹಗುರ ಎನ್ನುವುದು ಆಗ ತಿಳಿಯುತ್ತದೆ. ಮುಂದೆ ಹಿಂದೆ ಒಂದೇ ಪಾಯಿಂಟ್ ಹಾಕುವುದು ಯಾಕೆ ತಪ್ಪು ಎನ್ನುವುದೂ.

ಇನ್ನು ಸರಿಯಾದ ಪಾಯಿಂಟ್ ಹುಡುಕಲು ಎರಡು ದಾರಿ. ಒಂದು, ಟೈರಿನ ಅಗಲಕ್ಕೆ ಅಡ್ಡವಾಗಿ ದಪ್ಪಗೆ ಸೀಮೆಸುಣ್ಣ ಬಳಿಯಿರಿ. ಸಮತಟ್ಟಾದ ರಸ್ತೆಯಲ್ಲಿ ನೂರು ಮೀಟರ್ ನೆಟ್ಟಗೆ ಹೋಗಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಅಗಲ ಪೂರ್ತಿ ಒಂದೇ ಸಮ ಅಳಿಸಿದ್ದರೆ ಬರೆದುಕೊಳ್ಳಿ.

ಎರಡನೆಯದು ಬಿಸಿಯ ಲೆಕ್ಕ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಗಾಳಿ ನೋಡಿ. ಮುಕ್ಕಾಲು ಗಂಟೆ ಓಡಿಸಿ ತಕ್ಷಣ ಮತ್ತೆ ನೋಡಿ. ಸುಮಾರು 4 ಪಾಯಿಂಟ್ ಏರಿದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಏರಿದ್ದರೆ ಟೈರ್ ಮಡಿಸಿಕೊಂಡು ಬಿಸಿಯಾಗುತ್ತಿದೆ, ಅಂದರೆ ಬೆಳಿಗ್ಗೆಯ ಗಾಳಿ ಕಡಿಮೆ. ಏರಿಕೆ ಒಂದೆರಡೇ ಆದರೆ ಗಾಳಿ ಜಾಸ್ತಿ. ಗಟ್ಟಿ ಪ್ಲೈ ಟೈರುಗಳು ಇನ್ನೊಂದೆರಡು ಪಾಯಿಂಟ್ ಹೆಚ್ಚು ಏರಬಹುದು. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಈ ಪರೀಕ್ಷೆ ಮಾಡಬೇಡಿ, ರಸ್ತೆಯ ಬಿಸಿಯೂ ಸೇರಿಕೊಳ್ಳುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡುವುದಂತೂ ಬೇಡವೇ ಬೇಡ.

ಬಿಡುವಿದ್ದರೆ ಪಾದದ ಗುರುತು ತೆಗೆಯಿರಿ. ಚಕ್ರ ಜಾಕ್ ಹಾಕಿ ಎತ್ತಿ, ಕೆಮ್ಮಣ್ಣು ಕಲಸಿ ಬಟನ್ನಿಗೆ ಬಳಿದು, ಕೆಳಗೆ ರಟ್ಟು ಇಟ್ಟು ಇಳಿಸಿ. ರಸ್ತೆಯ ಗಾಳಿಯಲ್ಲಿ ಒಂದು ರಟ್ಟು, 20 ಪಾಯಿಂಟಿನಲ್ಲಿ ಇನ್ನೊಂದು. ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಎಂದು ನಾನೂ ನಂಬಿದ್ದೆ. ರಟ್ಟು ಬೇರೆ ಹೇಳಿತು. ಅಗಲ ಸ್ವಲ್ಪವೇ ಹೆಚ್ಚಿತು, ಉದ್ದ ಚೆನ್ನಾಗಿ ಬೆಳೆಯಿತು. ಬುಲ್ಡೋಜರ್ ಚಕ್ರದ ಪಟ್ಟಿಯ ಹಾಗೆ.

ಟಾರು ರಸ್ತೆ

ಹೊಸ ಟೈರ್ ಹಾಕಿ 50ರಿಂದ 100 ಕಿ.ಮೀ. ಆದ ಮೇಲೆ ವೀಲ್ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮುಗಿದಿರಲಿ. ಆಮೇಲೆ ಗಾಡಿಯ ಸ್ಪೀಡ್ ಮೀಟರ್ ಪರೀಕ್ಷೆ.

ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಇದಕ್ಕೆ ಸರಿ. ಟ್ರಾಕ್ಟರು, ಬೈಕು, ಆಟೋಗಳಿಲ್ಲ, ಒಂದೇ ವೇಗದಲ್ಲಿ ಹೋಗಬಹುದು. ಪಕ್ಕದಲ್ಲಿ ಕೂತವರು ಜಿಪಿಎಸ್ ನೋಡಿ ಬರೆದುಕೊಳ್ಳಲಿ, ನೀವು ರಸ್ತೆ ನೋಡಿ. ಹಳೆ ಟೈರಿನಲ್ಲಿ ಮೀಟರ್ 100 ತೋರಿಸುವಾಗ ಜಿಪಿಎಸ್ 96 ಇತ್ತು ಎಂದುಕೊಳ್ಳಿ. ಕಂಪನಿಗಳು ಮೀಟರನ್ನು ಸ್ವಲ್ಪ ಜಾಸ್ತಿ ತೋರಿಸುವ ಹಾಗೇ ಇಟ್ಟಿರುತ್ತವೆ. 7.3 ಪರ್ಸೆಂಟ್ ದೊಡ್ಡ ಟೈರಿನಲ್ಲಿ ಅದೇ ಮೀಟರ್ 100 ಎಂದರೆ ನೀವು 103ರಲ್ಲಿದ್ದೀರಿ. ಅಲ್ಲಿನ ಮಿತಿ 100, ಕ್ಯಾಮೆರಾಗೆ ನಿಮ್ಮ ಟೈರಿನ ಕಥೆ ಬೇಕಾಗಿಲ್ಲ.

ಮೈಲೇಜಿನಲ್ಲಿ ಇದು ಉಲ್ಟಾ ಆಗುತ್ತದೆ. ದೊಡ್ಡ ಟೈರ್ ಓಡಿದ ದೂರವನ್ನು ಮೀಟರ್ ಕಡಿಮೆ ಲೆಕ್ಕ ಹಾಕುತ್ತದೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೀಟರಿಗೆ 11 ಕಿ.ಮೀ. ಬಂತು ಎಂದರೆ ಅದನ್ನು 1.073ರಿಂದ ಗುಣಿಸಿ. ನಿಜವಾದದ್ದು 11.8. ದೊಡ್ಡ ಟೈರ್ ಡೀಸೆಲ್ ಜಾಸ್ತಿ ಕುಡಿಯುವುದು ಹೌದು, ಆದರೆ ಜನ ಬೈಯುವಷ್ಟು ಅಲ್ಲ.

ಬ್ರೇಕ್ ಪರೀಕ್ಷೆಯನ್ನು ಹೆದ್ದಾರಿಯಲ್ಲಿ ಮಾಡಬೇಡಿ. ಮೈಸೂರಿನ ಸುತ್ತ ಸೈಟು ಮಾರಿ ಮನೆ ಏಳದ ಲೇಔಟ್‌ಗಳು ಬೇಕಾದಷ್ಟಿವೆ. ಅಲ್ಲಿನವರನ್ನು ಕೇಳಿ, ಬೆಳಿಗ್ಗೆ ಆರಕ್ಕೆ ಹೋಗಿ. ನೆಟ್ಟನೆಯ ರಸ್ತೆ, ಎರಡೂ ತುದಿಗೆ ಒಬ್ಬೊಬ್ಬರು. ನೆಲದ ಮೇಲೆ ಗೆರೆ ಹಾಕಿ, ಗೆರೆ ದಾಟಿದ ತಕ್ಷಣ ಬ್ರೇಕ್ ಪೂರ್ತಿ ಒತ್ತಿ, ಗೆರೆಯಿಂದ ಗಾಡಿ ನಿಂತ ಜಾಗದವರೆಗೆ ಅಳೆಯಿರಿ. ಐದು ಸಲ ಮಾಡಿ, ನಡುವೆ ಬ್ರೇಕ್ ತಣ್ಣಗಾಗಲು ಬಿಡಿ. ವೇಗವನ್ನು ಜಿಪಿಎಸ್‌ನಲ್ಲೇ 60ಕ್ಕೆ ಹಿಡಿಯಬೇಕು. ಇದರಲ್ಲೇ ನಾನು ಮೊದಲ ದಿನ ಎಡವಿದ್ದು. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ 7.3 ಪರ್ಸೆಂಟ್ ಜಾಸ್ತಿ ಆದರೆ ದೂರ 15 ಪರ್ಸೆಂಟ್ ಜಾಸ್ತಿ. ಎರಡು ಸಲವೂ ಮೀಟರ್ ನಂಬಿಕೊಂಡು, ಟೈರ್ ಕೆಟ್ಟದ್ದು ಎಂದು ಬರೆದುಬಿಟ್ಟಿದ್ದೆ. ಜಿಪಿಎಸ್ ಲೆಕ್ಕದಲ್ಲಿ ಮಾಡಿದ ಮೇಲೆ ವ್ಯತ್ಯಾಸ ತುಂಬಾ ಕಮ್ಮಿಯಾಯಿತು. ಹಾಗಂತ ಇಲ್ಲವೇ ಇಲ್ಲ ಎಂದಲ್ಲ. ಭಾರದ ಚಕ್ರವನ್ನು ನಿಲ್ಲಿಸುವುದು ಅದೇ ಹಳೆ ಬ್ರೇಕು, ಚಕ್ರ ದೊಡ್ಡದಾದಷ್ಟೂ ಅದಕ್ಕೆ ಕಷ್ಟ. ಮಳೆ ನಿಂತ ಮೇಲೆ ಅದೇ ರಸ್ತೆಯಲ್ಲಿ 40ರಲ್ಲಿ ಒಮ್ಮೆ ಮಾಡಿ. ಮಣ್ಣಿಗೆಂದೇ ಮಾಡಿದ ದಪ್ಪ ಬಟನ್ನಿನ ಟೈರ್ ಒದ್ದೆ ಟಾರಿನಲ್ಲಿ ಹೇಗೆ ಜಾರುತ್ತದೆ ಎನ್ನುವುದು 40ರಲ್ಲಿ ತಿಳಿಯುವುದು ಒಳ್ಳೆಯದು.

ಒಣ ಟಾರಿನಲ್ಲಿ 4ಎಚ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾಮೂಲಿ ವೇಗದ ಗೇರ್, ಹಾಕಿ ಓಡಿಸಬೇಡಿ. ನನ್ನಂಥವರ ಗಾಡಿಗಳಲ್ಲಿ ಮುಂದಿನ ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲ, ತಿರುವಿನಲ್ಲಿ ಬಿಗಿದುಕೊಳ್ಳುತ್ತದೆ.

ಕೆಸರು: ಹತ್ತು ಸುತ್ತಿನ ಪರೀಕ್ಷೆ

ಮೊದಲು ಎಲ್ಲಿ ಬೇಡ ಎಂದು ಹೇಳಿಬಿಡುತ್ತೇನೆ. ನಾಲೆ ಏರಿ ಬೇಡ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ಆ ಸೀಮೆಯವರಾರೂ ಅದನ್ನು ಮರೆತಿಲ್ಲ. ಮರಳು ಎಂದಾಕ್ಷಣ ತಲಕಾಡು ನೆನಪಾಗುತ್ತದೆ. ಅದು ದೇವಸ್ಥಾನಗಳಿರುವ ಜಾಗ, ಗಾಡಿ ನುಗ್ಗಿಸುವ ಜಾಗ ಅಲ್ಲ. ಕಾಡು, ಕೆರೆ ಅಂಗಳ, ಹೊಳೆ ಯಾವುದೂ ಬೇಡ. ಬೇರೆಯವರ ಗದ್ದೆಯಂತೂ ಕೇಳಲೇಬೇಡಿ. ಬದು ಒಡೆದರೆ ನೀರು ನಿಲ್ಲುವುದಿಲ್ಲ, ಚಕ್ರದಡಿ ಗಟ್ಟಿಯಾದ ಮಣ್ಣು ಮುಂದಿನ ಬೆಳೆಗೆ ಬೇರು ಬಿಡಗೊಡುವುದಿಲ್ಲ.

ಬೇಕಾದದ್ದು ಪರಿಚಯದವರ ಖಾಲಿ ಹೊಲ. ನಮಗೆ ಬಾಮೈದನ ರಾಗಿ ಕೊಯ್ದ ಹೊಲ ಸಿಕ್ಕಿತು. ಪಕ್ಕದ ಕಬ್ಬು ಕಡಿದ ತಾಕಿಗೆ ಹೋಗಬೇಡ ಎಂದು ಅವನೇ ತಡೆದ. "ಕೂಳೆ ಚೂಪಾಗಿ ನಿಂತದೆ ಭಾವ, ಪಕ್ಕ ಸೀಳ್ಕೊಂಡು ಹೋಯ್ತದೆ." ಗಾಳಿ ಇಳಿಸಿದ ಟೈರಿನ ಸೈಡ್‌ವಾಲ್ ಹೊಟ್ಟೆ ಬಿಟ್ಟಿರುತ್ತದೆ. ಓರೆಯಾಗಿ ಕಡಿದ ಕಬ್ಬಿನ ಬುಡಕ್ಕೆ ಅಷ್ಟು ಸಾಕು. ಜಾಲಿ ಮುಳ್ಳಿನ ಬೇಲಿ ಪಕ್ಕವೂ ಅಷ್ಟೇ.

ಮಳೆಗೆ ಕಾದು ಕೂತರೆ ಇವತ್ತಿನ ಕೆಸರು ನಾಳೆ ಇರುವುದಿಲ್ಲ. ಹಳೆ ಟೈರ್ ಒಂದು ಕೆಸರಿನಲ್ಲಿ, ಹೊಸದು ಇನ್ನೊಂದರಲ್ಲಿ ಓಡಿದರೆ ಹೋಲಿಸುವುದೇನು? ನಾವು ಪಂಪ್‌ಸೆಟ್ಟಿನಿಂದ ನೀರು ಬಿಟ್ಟೆವು. 30 ಮೀಟರ್ ಉದ್ದದ ಪಟ್ಟಿ, ಇಷ್ಟು ನಿಮಿಷ ನೀರು, ಅರ್ಧ ಗಂಟೆ ಇಂಗಲು ಬಿಡುವುದು. ಪ್ರತಿ ಸಲವೂ ಅಷ್ಟೇ. ಪ್ರತಿ ಓಟಕ್ಕೂ ಪಕ್ಕದ ಹೊಸ ಸಾಲು. ಒಮ್ಮೆ ತುಳಿದ ಸಾಲಿನಲ್ಲಿ ಎರಡನೇ ಸಲ ಹೋದರೆ ಲೆಕ್ಕ ಸುಳ್ಳಾಗುತ್ತದೆ.

ಪರೀಕ್ಷೆ ಸರಳ. ಟ್ರಾಕ್ಟರ್ ಜಾರುವುದನ್ನು ಅಳೆಯುವವರು ಮಾಡುವುದೂ ಇದನ್ನೇ. ಹಿಂದಿನ ಚಕ್ರದ ಪಕ್ಕಕ್ಕೆ ಸುಣ್ಣದ ದಪ್ಪ ಗೆರೆ ಎಳೆಯಿರಿ. 4ಎಲ್ (ನಾಲ್ಕೂ ಚಕ್ರಕ್ಕೆ ಬಲ, ನಿಧಾನದ ಗೇರ್), ಅದರಲ್ಲಿ ಎರಡನೇ ಗೇರ್, ಆಕ್ಸಿಲರೇಟರ್ ಮೇಲೆ ಕಾಲು ಒಂದೇ ಸಮ. ಒಬ್ಬರು ನಾಲ್ಕೈದು ಮೀಟರ್ ದೂರದಲ್ಲಿ ಪಕ್ಕಕ್ಕೆ ನಡೆಯುತ್ತಾ ಸುತ್ತು ಎಣಿಸಲಿ. ಚಕ್ರದ ಹಿಂದೆ ಯಾರೂ ನಿಲ್ಲಬಾರದು, ಕಲ್ಲು ಹಾರುತ್ತದೆ. ಹತ್ತು ಸುತ್ತಿಗೆ ಗಾಡಿ ಎಷ್ಟು ಮುಂದೆ ಹೋಯಿತು ಎಂದು ಅಳೆಯಿರಿ. ಅಂಗಳದಲ್ಲಿ ಹತ್ತು ಸುತ್ತಿಗೆ 24.5 ಮೀಟರ್ ಹೋಗಿತ್ತು, ಕೆಸರಿನಲ್ಲಿ 19.6 ಹೋಯಿತು ಎಂದರೆ 20 ಪರ್ಸೆಂಟ್ ಜಾರಿದೆ. ಎಡ ಬಲ ಚಕ್ರ ಬೇರೆ ಬೇರೆ ಸುತ್ತುವುದರಿಂದ ಎರಡೂ ಕಡೆ ಎಣಿಸಿ ಸರಾಸರಿ ತಗೊಳ್ಳಿ.

ಪ್ರತಿ ಟೈರಿಗೂ ಮೂರು ಗಾಳಿಯಲ್ಲಿ ಮಾಡಿ: ರಸ್ತೆಯ ಪಾಯಿಂಟ್, 26, 20. ಮೆತ್ತನೆ ಮರಳಿಗೆ 16ರವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚುವ ಭಯ. ಗಾಳಿ ಇಳಿಸಿದಾಗ ನಿಧಾನ ಓಡಿಸಿ, ಟಾರಿಗೆ ಹತ್ತುವ ಮೊದಲು ಪಂಪಿನಿಂದ ತುಂಬಿಸಿ.

ನಮ್ಮ ಪುಸ್ತಕದಲ್ಲಿ ಬಂದದ್ದು ನೋಡಿ ನನಗೆ ಸ್ವಲ್ಪ ಮುಖಭಂಗವೇ ಆಯಿತು. 20 ಪಾಯಿಂಟಿನ ಹಳೆ ಟೈರ್, ರಸ್ತೆ ಗಾಳಿಯಲ್ಲಿದ್ದ ಹೊಸ ದೊಡ್ಡ ಟೈರಿಗಿಂತ ಕಡಿಮೆ ಜಾರಿತು. ಬಾಮೈದ ಪುಸ್ತಕ ತಿರುಗಿಸಿ ಎರಡು ಸಲ ನೋಡಿದ. ಏನೂ ಹೇಳಲಿಲ್ಲ, ಸುಮ್ನೆ ನಕ್ಕ. ಹೊಸದನ್ನೂ 20ಕ್ಕೆ ಇಳಿಸಿದ ಮೇಲೆ ಅದು ಮುಂದೆ ಬಂತು. ಜಾರುವುದರಲ್ಲಿ ಗೆಲುವು ಸಣ್ಣದು. ದೊಡ್ಡ ಗೆಲುವು ಕಂಡದ್ದು ಬೇರೆ ಕಡೆ: ಹಳೆಯದರಲ್ಲಿ ಗಾಡಿಯ ಹೊಟ್ಟೆ ತಾಗುತ್ತಿದ್ದ ದಿಣ್ಣೆಯನ್ನು ಹೊಸದು ತಾಗದೆ ದಾಟಿತು. ಆ 27 ಮಿ.ಮೀ. ಅಲ್ಲಿ ಕೆಲಸಕ್ಕೆ ಬಂತು.

ಇಳಿಜಾರನ್ನೂ ನೋಡಿ. 4ಎಲ್ ಮೊದಲ ಗೇರಿನಲ್ಲಿ ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಯಾವುದನ್ನೂ ಮುಟ್ಟದೆ ಇಳಿಸಿ, 20 ಮೀಟರಿಗೆ ಎಷ್ಟು ಸೆಕೆಂಡ್ ಎಂದು ಬರೆಯಿರಿ. ದೊಡ್ಡ ಟೈರಿನಲ್ಲಿ ಗಾಡಿ ಬೇಗ ಇಳಿಯುತ್ತದೆ. ಇಂಜಿನ್ನಿನ ಹಿಡಿತ 7 ಪರ್ಸೆಂಟ್ ಸಡಿಲವಾಗಿರುತ್ತದೆ. ಹತ್ತುವಾಗಲೂ ಅಷ್ಟೇ ಬಲ ಕಡಿಮೆ. ಒಂಟಿ ಗಾಡಿಯಲ್ಲಿ ಇದನ್ನೆಲ್ಲ ಮಾಡಬೇಡಿ. ಎಳೆಯಲು ಟ್ರಾಕ್ಟರ್ ಇರಲಿ, ಹಗ್ಗ ಬಿಗಿಯಾದಾಗ ಅದರ ಸಾಲಿನಲ್ಲಿ ಯಾರೂ ನಿಲ್ಲದಿರಲಿ.

ಮನೆಗೆ ಹೊರಡುವ ಮೊದಲು

ಬಟನ್ನುಗಳ ನಡುವೆ ಸಿಕ್ಕಿದ ಕಲ್ಲು ತೆಗೆಯಿರಿ, ಸೈಡ್‌ವಾಲ್ ಪೂರ್ತಿ ಕೈಯಾಡಿಸಿ, ಒಳಮುಖಕ್ಕೂ. ಗಾಳಿ ತುಂಬಿಸಿ. ಪುಸ್ತಕದಲ್ಲಿ ಅವತ್ತಿನ ಕಿ.ಮೀ. ಮತ್ತು ನಾಲ್ಕೂ ಟೈರಿನ ಬಟನ್ ಆಳ ಬರೆಯಿರಿ. 1.6 ಮಿ.ಮೀ.ಗೆ ಇಳಿದ ಟೈರ್ ಬದಲಿಸಲೇಬೇಕು, ಮಣ್ಣಿನಲ್ಲಿ ಅದಕ್ಕೆ ಎಷ್ಟೋ ಮೊದಲೇ ಹಿಡಿತ ಹೋಗಿರುತ್ತದೆ.

ಮತ್ತೆ ರಿಮ್ಮಿನ ಒಳಭಾಗವನ್ನು ತೊಳೆಯಿರಿ. ನಾನು ಹೊರಗಿನಿಂದ ಮಾತ್ರ ತೊಳೆದಿದ್ದೆ. ಮಾರನೇ ದಿನ ಮದ್ದೂರು ದಾಟುವಾಗ 80ರಲ್ಲಿ ಸ್ಟೇರಿಂಗ್ ನಡುಗಲು ಶುರುವಾಯಿತು. ಹೊಸ ಟೈರೇ ಸೊಟ್ಟ ಎಂದುಕೊಂಡು, ಅಂಗಡಿಯವರ ಜೊತೆ ಆಡಬೇಕಾದ ಜಗಳದ ಮಾತೆಲ್ಲ ಜೋಡಿಸಿಕೊಂಡು, ದಾರಿಯ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ಹುಡುಗ ಬಗ್ಗಿ ನೋಡಿ, ಸ್ಕ್ರೂಡ್ರೈವರ್ ಹಾಕಿ ರಿಮ್ಮಿನ ಒಳಗಿನಿಂದ ಒಣಗಿದ ಮಣ್ಣಿನ ಹೆಂಟೆಯೊಂದನ್ನು ಕಿತ್ತು ನನ್ನ ಕಾಲ ಬುಡಕ್ಕೆ ಹಾಕಿದ. ಬಾಮೈದನ ಹೊಲದ್ದು, ಅಂಗೈಯಗಲ ಇತ್ತು.

"ಇಷ್ಟೇ ಸಾರ್. ಇದಕ್ಕೇನು ಕಾಸು ತಗೊಳ್ಳಲಿ?" ಎಂದ.